ಆರು ಭಾಷೆಯ ಕಾಗದ

ಜಿಯೋಕ್ಯಾಶಿಂಗ್ ಎಂಬ ಆಟದ ಪರಿಚಯ ನನಗಾದದ್ದು ತಂಗಿಯ ಮಗನಿಂದ. ಯಾರೋ ಒಂದು ಡಬ್ಬಿಯನ್ನು ಎಲ್ಲಿಯೋ ಅಡಗಿಸಿ, ಅದಿರುವ ಅಕ್ಷಾಂಶ ರೇಖಾಂಶಗಳನ್ನಷ್ಟೆ ಲೋಕಕ್ಕೆ ತಿಳಿಸುತ್ತಾರೆ. ಹುಡುಕಿ ಹೋದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮೊದಲಾದ ಈ ಆಟ 2008ರಲ್ಲಿ ಅಂತರಿಕ್ಷ ನಿಲ್ದಾಣವನ್ನೂ ಮುಟ್ಟಿತು. ಸ್ಥಳ ದುರ್ಗಮವಾದಷ್ಟೂ ಆಟಗಾರರಿಗೆ ಹುರುಪು ಹೆಚ್ಚು.

“ಹಿಂದೆ ಇಂಥದೇನಾದರೂ ಇತ್ತೆ, ಮಾವ?” ಎಂದು ಅವನು ಕೇಳಿದಾಗ ನನಗೆ ನೆನಪಾದದ್ದು ಕೆನಡಾದ ಉತ್ತರದಲ್ಲಿ, ಹಿಮಗಡಲಿನ ನಡುವೆ ಇರುವ ಕಿಂಗ್ ವಿಲಿಯಂ ದ್ವೀಪದ ಒಂದು ಕಲ್ಲುಗುಪ್ಪೆ. ಅಲ್ಲಿದ್ದ ಡಬ್ಬಿ ಮಾತ್ರ ಆಟದ್ದಲ್ಲ.

ಅಮೆರಿಕದ ಉತ್ತರದಂಚಿನಿಂದ ಏಷ್ಯಕ್ಕೆ ಜಲಮಾರ್ಗವನ್ನು ಅರಸುತ್ತ ಸರ್ ಜಾನ್ ಫ್ರಾಂಕ್ಲಿನ್ 1845ರಲ್ಲಿ ‘ಎರೆಬಸ್’, ‘ಟೆರರ್’ ಎಂಬ ಎರಡು ಹಡಗುಗಳೊಡನೆ ಇಂಗ್ಲೆಂಡಿನಿಂದ ಹೊರಟರು. ಹಿಮದೊಳಗೆ ಹೊಕ್ಕವರು 129 ಮಂದಿ, ಒಬ್ಬರೂ ಮರಳಲಿಲ್ಲ. 1859ರ ಮೇ ತಿಂಗಳಲ್ಲಿ, ಅವರನ್ನು ಹುಡುಕುತ್ತ ಹೋದ ಲೆಫ್ಟಿನೆಂಟ್ ಹಾಬ್ಸನ್ ಅವರಿಗೆ ಆ ಕಲ್ಲುಗಳಲ್ಲಿ ತಗಡಿನ ಕೊಳವೆಯೊಂದು ಸಿಕ್ಕಿತು. ಒಳಗೆ ಒಂದೇ ಹಾಳೆ. ಅದರಲ್ಲಿ 1847ರ ಮೇ 28ರ ಬರಹ: ಎಲ್ಲರೂ ಕ್ಷೇಮ. ಹನ್ನೊಂದು ತಿಂಗಳ ಬಳಿಕ, 1848ರ ಏಪ್ರಿಲ್ 25ರಂದು, ಅದೇ ಹಾಳೆಯ ಅಂಚಿನ ಸುತ್ತ ಇಕ್ಕಟ್ಟಾಗಿ ಬರೆದದ್ದು: ಫ್ರಾಂಕ್ಲಿನ್ ಕಳೆದ ಜೂನ್ 11ರಂದು ತೀರಿಕೊಂಡರು, ಈವರೆಗೆ ಸತ್ತವರು 24, ಹಡಗುಗಳನ್ನು ತೊರೆದಿದ್ದೇವೆ, ಉಳಿದ 105 ಮಂದಿ ನಾಳೆ ಬ್ಯಾಕ್ ನದಿಯ ಕಡೆಗೆ ಹೊರಡುತ್ತೇವೆ.

ಕಂಡವರು ದಯವಿಟ್ಟು ಇದನ್ನು ಲಂಡನ್ನಿನ ನೌಕಾ ಕಚೇರಿಗೆ ಕಳುಹಿಸಬೇಕೆಂಬ ವಿನಂತಿ ಆ ಹಾಳೆಯ ಮೇಲೆ ಆರು ಭಾಷೆಗಳಲ್ಲಿ ಅಚ್ಚಾಗಿತ್ತು. ಆರೂ ಯೂರೋಪಿನವು. ಆ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಇನುಯಿಟ್ ಜನರ ಭಾಷೆ ಅದರಲ್ಲಿರಲಿಲ್ಲ. ಅವರ ಮಾತಿಗೆ ಆಗ ಅಲ್ಲಿ ಲಿಪಿಯಿರಲಿಲ್ಲ, ನಿಜ. ಆದರೆ ಕೇಳುವವರಿಗೆ ಕಿವಿಯಿತ್ತಲ್ಲವೆ?

ಕಿವಿಗೊಟ್ಟವರು ಒಬ್ಬರಿದ್ದರು. 1854ರಲ್ಲಿಯೇ ಡಾಕ್ಟರ್ ಜಾನ್ ರೇ, ನಾವಿಕರು ಹಸಿವಿನಿಂದ ಸತ್ತರು, ಕೊನೆಗೆ ಹೆಣಗಳನ್ನೂ ತಿಂದರು ಎಂದು ಇನುಯಿಟರಿಂದ ಕೇಳಿ ತಿಳಿಸಿದ್ದರು. ಲಂಡನ್ ಸಿಡಿದೆದ್ದಿತು. ಕಾದಂಬರಿಕಾರ ಡಿಕನ್ಸ್ ಅಂಥವರೂ ತಮ್ಮ ಪತ್ರಿಕೆಯಲ್ಲಿ ಆ ಸಾಕ್ಷ್ಯವನ್ನು ಹೀಗಳೆದರು. ಮುಂದೆ ಸಿಕ್ಕ ಎಲುಬುಗಳ ಮೇಲಿನ ಕತ್ತಿಯ ಗುರುತುಗಳು ಇನುಯಿಟರ ಮಾತನ್ನೇ ಎತ್ತಿಹಿಡಿದವು. ಮುಳುಗಿದ ‘ಎರೆಬಸ್’ 2014ರಲ್ಲಿ, ‘ಟೆರರ್’ 2016ರಲ್ಲಿ ಪತ್ತೆಯಾದವು. ಎರಡಕ್ಕೂ ದಾರಿ ತೋರಿದ್ದು ಅವರ ಬಾಯಿಮಾತೇ.

“ಆದ್ದರಿಂದ ಡಬ್ಬಿ ಹುಡುಕುವಾಗ ಮೊದಲು ಆ ಊರಿನವರನ್ನು ಕೇಳು” ಎಂದೆ.

“ಕೇಳಿದರೆ ಆಟವೇ ಕೆಡುತ್ತದೆ, ಮಾವ” ಎಂದು ಹುಡುಗ ನಕ್ಕ.