ಇಬ್ನುಲ್ ಹೈಸಮ್: ಬೆಳಕನ್ನು ಪರೀಕ್ಷೆಗೊಡ್ಡಿದ ವಿದ್ವಾಂಸ

ಕ್ಯಾಮೆರಾವನ್ನು ಕಂಡುಹಿಡಿದವರು ಮುಸ್ಲಿಮರು, ಆ ಪದವೂ ಅರಬಿಯಿಂದಲೇ ಬಂದದ್ದು ಎಂಬ ಸಂದೇಶಗಳು ನಮ್ಮ ಮೊಬೈಲುಗಳಲ್ಲಿ ಹರಿದಾಡುತ್ತಿರುತ್ತವೆ. ಎರಡೂ ಸರಿಯಲ್ಲ. ‘ಕ್ಯಾಮೆರಾ’ ಎಂಬುದು ಕೋಣೆ ಎಂಬರ್ಥದ ಲ್ಯಾಟಿನ್ ಪದ. ಆದರೆ ಈ ಅತಿಶಯೋಕ್ತಿಗಿಂತಲೂ ಹಿರಿದಾದ ಸತ್ಯವೊಂದು ನಮ್ಮ ಇತಿಹಾಸದಲ್ಲಿದೆ.

ಕಣ್ಣಿನಿಂದ ಹೊರಟ ಕಿರಣಗಳು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆಂದು ಗ್ರೀಕ್ ಪಂಡಿತರಾದ ಯೂಕ್ಲಿಡ್ ಮತ್ತು ಟಾಲೆಮಿ ಭಾವಿಸಿದ್ದರು. ಬಗ್ದಾದಿನ ಮಹಾ ವಿದ್ವಾಂಸ ಅಲ್ ಕಿಂದಿಯವರೂ ಅದನ್ನೇ ಸಮರ್ಥಿಸಿದರು. ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿ, ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಈ ಹಿರಿಯರನ್ನು ಗೌರವಿಸಿದರು. ಆದರೆ ಅವರ ಮಾತನ್ನು ಪರೀಕ್ಷಿಸದೆ ಒಪ್ಪಲಿಲ್ಲ.

ಕತ್ತಲೆ ಕೋಣೆಯ ಸಣ್ಣ ರಂಧ್ರವೊಂದರ ಎದುರು, ಹೊರಗೆ ಹಲವು ದೀಪಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಿದಾಗ, ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಗುರುತುಗಳು ಮೂಡಿದವು. ಒಂದು ದೀಪವನ್ನು ಮರೆಮಾಡಿದರೆ ಅದರ ಗುರುತು ಮಾತ್ರ ಅಳಿಯುತ್ತಿತ್ತು. ಮರೆ ತೆಗೆದರೆ ಮರಳಿ ಕಾಣಿಸುತ್ತಿತ್ತು. ಬೆಳಕುಗಳು ಒಂದೇ ರಂಧ್ರದಲ್ಲಿ ಹಾದರೂ ಪರಸ್ಪರ ಬೆರೆಯದೆ ನೇರವಾಗಿ ಸಾಗುತ್ತವೆಂದು ಇದರಿಂದ ಸ್ಪಷ್ಟವಾಯಿತು. ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದೇ ನೋಟಕ್ಕೆ ಕಾರಣವೆಂದು ಅವರು ‘ಕಿತಾಬುಲ್ ಮನಾಝಿರ್’ ಎಂಬ 7 ಭಾಗಗಳ ಗ್ರಂಥದಲ್ಲಿ ಪ್ರತಿಪಾದಿಸಿದರು. ಲ್ಯಾಟಿನ್‌ಗೆ ಅನುವಾದಗೊಂಡ ಆ ಗ್ರಂಥವನ್ನು ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ಅಭ್ಯಸಿಸಿದರು.

ಅವರೂ ತಪ್ಪಿದ್ದುಂಟು. ಬೆಳಕನ್ನು ಗ್ರಹಿಸುವುದು ಕಣ್ಣಿನ ಮಸೂರವೆಂದು ಅವರು ತಿಳಿದಿದ್ದರು. ಬಿಂಬ ಮೂಡುವುದು ಅದರ ಹಿಂದಿನ ಅಕ್ಷಿಪಟಲದ ಮೇಲೆ ಎಂದು 1604ರಲ್ಲಿ ಕೆಪ್ಲರ್ ತಿದ್ದಿದನು.

ಇಂದು ಕಾರ್ಖಾನೆಗಳಲ್ಲಿ ಬಾಟಲಿಯ ಮುಚ್ಚಳ ಸರಿಯಿದೆಯೇ ಎಂದು ಪರಿಶೀಲಿಸುವ ಕ್ಯಾಮೆರಾಗಳಲ್ಲಿ ಅಕ್ಷಿಪಟಲದ ಸ್ಥಾನದಲ್ಲಿರುವುದು ಸಿಲಿಕಾನ್ ಫಲಕ. ಅದರಲ್ಲಿ ಲಕ್ಷಾಂತರ ಸೂಕ್ಷ್ಮ ಕೋಶಗಳಿವೆ. ಬೆಳಕಿನ ಕಣವು ಸಿಲಿಕಾನಿನಲ್ಲಿ ಹೀರಲ್ಪಟ್ಟಾಗ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಬೆಳಕು ಹೆಚ್ಚಿದಷ್ಟೂ ಕೋಶದಲ್ಲಿ ವಿದ್ಯುದಂಶ ಹೆಚ್ಚು ಸಂಗ್ರಹವಾಗುತ್ತದೆ. ಅದನ್ನು ಅಳೆದು, ಸಾಮಾನ್ಯವಾಗಿ 0ಯಿಂದ 255ರವರೆಗಿನ ಸಂಖ್ಯೆಯಾಗಿ ಬರೆದುಕೊಳ್ಳಲಾಗುತ್ತದೆ. ಕೋಶಕ್ಕೆ ಬಣ್ಣ ತಿಳಿಯದು. ಅದರ ಮೇಲಿನ ಕೆಂಪು, ಹಸಿರು, ನೀಲಿ ಶೋಧಕಗಳಿಂದ ಬಣ್ಣವನ್ನು ಲೆಕ್ಕಹಾಕಲಾಗುತ್ತದೆ. ಈ ದಾರಿಯಲ್ಲಿ ಮಹತ್ವದ ಸಿಸಿಡಿ ಸಂವೇದಕವನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಸಂದಿತು.

ಸಂವೇದಕವು ಬೆಳಕನ್ನು ಸ್ವೀಕರಿಸುತ್ತದಷ್ಟೆ. ‘ಮುಚ್ಚಳ ಸರಿಯಿಲ್ಲ’ ಎಂಬ ತೀರ್ಮಾನ ಗಣಕದ್ದು. ನೋಟವು ಕೇವಲ ಬೆಳಕಿನಿಂದ ಪೂರ್ಣವಾಗದು, ಹೋಲಿಕೆ ಮತ್ತು ವಿವೇಚನೆಯೂ ಅದರಲ್ಲಿ ಸೇರಿವೆ ಎಂದು ಇಬ್ನುಲ್ ಹೈಸಮ್ ಕೂಡಾ ಬರೆದಿದ್ದರು.

ಆದ್ದರಿಂದ ನಮ್ಮ ಮಕ್ಕಳಿಗೆ ನಾವು ದಾಟಿಸಬೇಕಾದದ್ದು ‘ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು’ ಎಂಬ ಜಂಬವನ್ನಲ್ಲ. ಕೇಳಿದ್ದನ್ನು ಪರೀಕ್ಷಿಸಿ ಒಪ್ಪುವ ಆ ಪ್ರಾಮಾಣಿಕತೆಯನ್ನು. ವಾರ್ತೆಯನ್ನು ಪರಿಶೀಲಿಸಿರೆಂದು ಕುರ್‌ಆನ್ ಕಲಿಸಿದ ಸಮುದಾಯವು, ತನ್ನ ಹಿರಿಯರ ಹೆಸರಿನಲ್ಲೇ ಪರಿಶೀಲಿಸದ ಸಂದೇಶಗಳನ್ನು ಹಂಚುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ. ಅಲ್ಲಾಹನು ನಮಗೆ ಸತ್ಯವನ್ನು ಸತ್ಯವಾಗಿ ಕಾಣುವ ಭಾಗ್ಯವನ್ನು ಕರುಣಿಸಲಿ.