ಹಿತ್ತಲ ಸಂದಿಯ ಸಣ್ಣ ಬಾಗಲಾ

ಮಗ ಹೋದ ವರ್ಷ ಲ್ಯಾಬ್ರಡಾರ್ ಮರಿ ತಂದ. ಅಂವಾ ಆಫೀಸಿಗೆ ಹೋದ ಮ್ಯಾಲೆ ಮರೀನೂ ನನ್ನ ಪಾಲು, ಅದರ ಹೊಲಸೂ ನನ್ನ ಪಾಲು. ಮೊದಮೊದಲು ಕ್ಯಾರಿಬ್ಯಾಗಿನ್ಯಾಗ ಗಂಟು ಕಟ್ಟಿ ಕಸದ ಡಬ್ಬಿಗೆ ಹಾಕ್ತಿದ್ದೆ. ಒಂದಿನ ಕಸದ ಗಾಡಿ ಹೆಣ್ಮಗಳು ಹಸಿ ಕಸ, ಒಣ ಕಸ ಬ್ಯಾರೆ ಮಾಡಲಿಕ್ಕಂತ ಆ ಗಂಟು ಬಿಚ್ಚಿದ್ಲು. ಕೈಗೆಲ್ಲಾ ಹತ್ತಿತು. ಆಕಿ ಏನೂ ಅನ್ನಲಿಲ್ಲ, ನಳದ ಕಡೆ ನೋಡಿದ್ಲು ಅಷ್ಟ. ನೀರು ಹಾಕಿದೆ, ಸಾಬಾಣ ಕೊಟ್ಟೆ, ಆದ್ರ ಆಕಿ ಮಾರಿ ನೋಡಲಿಕ್ಕೆ ನನಗ ಆಗಲಿಲ್ಲ.

ಅವತ್ತು ನೆನಪಾಗಿದ್ದು ತವರುಮನಿ ಹಿತ್ತಲ ಸಂದಿ. ಸಂಡಾಸದ ಗ್ವಾಡಿ ಬುಡಕ್ಕ, ಹೊರಗಿನ ಮಗ್ಗಲಿಗೆ, ಇಟ್ಟಂಗಿ ಹಾಕಿ ಮುಚ್ಚಿದ ಒಂದು ಚೌಕದ ಗುರುತು ಇತ್ತು. ಅಲ್ಲಿ ಮೊದಲು ಸಣ್ಣ ಬಾಗಲಾ ಇತ್ತಂತ. ನಸುಕಿನ್ಯಾಗ ಬಂದು, ಒಳಗಿನ ಡಬ್ಬಿ ಎಳದು, ತುಂಬಿಕೊಂಡು ತಲಿಮ್ಯಾಲೆ ಹೊತ್ತು ಹೋಗವ್ರು. ಅವರ ಹೆಸರು ಏನು ಅಂತ ಅವ್ವನ್ನ ಕೇಳಿದ್ದೆ. ಆಕಿಗೂ ಗೊತ್ತಿರಲಿಲ್ಲ.

1970ರ ದಶಕದ ಮೊದಲಿಗೆ, ದೇವರಾಜ ಅರಸರ ಸರಕಾರದಾಗ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು ತಲಿಮ್ಯಾಲೆ ಮಲ ಹೊರೂದನ್ನ ನಿಷೇಧ ಮಾಡಿದ್ರು. 1993ರಾಗ ಕೇಂದ್ರದ ಕಾಯ್ದೆ ಬಂತು. ಆದ್ರೂ 2010ರ ಜುಲೈದಾಗ, ನಮ್ಮ ಹಳೇ ಧಾರವಾಡ ಜಿಲ್ಲಾದ್ದ ಸವಣೂರಿನ್ಯಾಗ, ಭಂಗಿ ಸಮಾಜದವರು ಮನಿ ಜಾಗ ಬಿಡಿಸ್ತಾರ ಅಂತ ಪುರಸಭಾ ಮುಂದ ಮೈಮ್ಯಾಲೆ ಮಲ ಸುರಕೊಂಡ್ರು. ಟಿವಿಯೊಳಗ ನೋಡಿ ನಾವು ಊಟ ಬಿಟ್ಟು ಎದ್ದಿದ್ವಿ. ಮರುದಿನ ಮರ್ತೂ ಬಿಟ್ವಿ. 2013ರ ಕಾಯ್ದೆಯೊಳಗ ಸೆಪ್ಟಿಕ್ ಟ್ಯಾಂಕಿಗೆ ಮನಷ್ಯಾನ್ನ ಹಂಗ ಇಳಸೂದೂ ಅಪರಾಧ ಆತು.

ಈ ಟ್ಯಾಂಕ್ ಹುಟ್ಟಿದ್ದು 1860ರ ಸುಮಾರಿಗೆ ಫ್ರಾನ್ಸಿನ್ಯಾಗ, ಲೂಯಿ ಮೌರಾಸ್ ಅನ್ನಾಂವನ ಕೈಯಾಗ. ಗಟ್ಟಿ ತಳಕ್ಕ ಕೂಡ್ತದ, ಜಿಡ್ಡು ಮ್ಯಾಲೆ ತೇಲ್ತದ, ಕಣ್ಣಿಗೆ ಕಾಣದ ಜೀವಿಗಳು ತಿಂತಾವು, ನೀರು ಇಂಗುಗುಂಡಿಗೆ ಹೋಗ್ತದ. ಆದ್ರ ಎಲ್ಲಾ ಕರಗೂದಿಲ್ಲ, ತಳದ ರಾಡಿ ಉಳೀತದ. ಅದಕ್ಕ ಎರಡು-ಮೂರು ವರ್ಷಕ್ಕೊಮ್ಮೆ ತಗಸಬೇಕು.

ನಮ್ಮ ಬಡಾವಣಿಗೆ ಇನ್ನೂ ಒಳಚರಂಡಿ ಇಲ್ಲ, ಹಿತ್ತಲದಾಗ ಸೆಪ್ಟಿಕ್ ಗುಂಡೀನ. ಈಗ ಸಣ್ಣ ಸಲಿಕೀಲೆ ನಾಯಿದು ಎತ್ತಿ ಸಂಡಾಸಕ್ಕ ಹಾಕಿ ನೀರು ಸುರೀತೇನಿ. ಚೀಲಾ, ಉಸುಕು, ನಾಯಿಕೂದಲಾ ಒಂದೂ ಹೋಗಬಾರದು, ಕಟ್ಟಿಕೋತದ. ಫಿನಾಯಿಲ್ ಬಾಳ ಸುರದ್ರ ಆ ಜೀವಿಗಳು ಸಾಯ್ತಾವು. ಮೆಂತೆ, ಕೊತ್ತಂಬ್ರಿ ಮಡಿಗೂ ಹಾಕಬ್ಯಾಡ್ರಿ. ಅದರಾಗಿನ ಜಂತಿನ ತತ್ತಿ ಮಣ್ಣಿನ್ಯಾಗ ವರ್ಷಗಟ್ಟಲೆ ಜೀವ ಹಿಡದಿರ್ತಾವು.

ಅತ್ತಿಯವರು ಮೊದಲು ಒಪ್ಪಲಿಲ್ಲ. “ನಾಯಿ ಹೇಲು ಮನಿ ಸಂಡಾಸದಾಗ? ಅದನ್ನ ಮುಟ್ಟವ್ರ್ಯಾರು?” ಅಂದ್ರು. ನೂರೈವತ್ತು ವರ್ಷದ ಹಿಂದ ಲಂಡನ್ನಿನ್ಯಾಗ ಚರ್ಮ ಹದ ಮಾಡಲಿಕ್ಕೆ ಇದು ಬೇಕಿತ್ತು, ಬಡ ಮುದುಕ್ಯಾರು ಹಾದ್ಯಾಗ ಆರಿಸಿ ಬಕೆಟ್ ಲೆಕ್ಕದಾಗ ಮಾರತಿದ್ರು ಅಂತ ಹೇಳಿದೆ. “ಅಲ್ಲೂ ಮುದುಕ್ಯಾರ ಪಾಲಿಗೇನs?” ಅಂತ ನಕ್ಕು ಸುಮ್ಮನಾದ್ರು.

ಹೋದ ತಿಂಗಳು ಗುಂಡಿ ತುಂಬಿತ್ತು. ಒಬ್ಬಾಂವ ಬಂದು, “ಗಾಡಿ ಯಾಕ್ರೀ, ಹುಡುಗನ್ನ ಇಳಸ್ತೇನಿ, ರೊಕ್ಕಾ ಕಡಿಮಿ” ಅಂದ. ಹುಡುಗ ಬಾಗಲದಾಗ ನಿಂತಿದ್ದ, ನಮ್ಮ ಮಗನ ವಯಸ್ಸಿನಾಂವ. ಬ್ಯಾಡ ಅಂದೆ. ಪೈಪಿನ ಗಾಡಿ ಬರಲಿಕ್ಕೆ ನಾಕ್ ದಿನ ಆತು, ವಾಸನಿ ತಡಕೊಂಡ್ವಿ.

ಕಸದ ಗಾಡಿ ಹೆಣ್ಮಗಳಿಗೆ ಹೇಳಿದೆ, “ಇನ್ನ ನಮ್ಮ ಡಬ್ಬಿಯೊಳಗ ಅದು ಬರೂದಿಲ್ಲವಾ.”

“ಆಚೀ ಮನ್ಯಾಗೂ ಎರಡು ನಾಯಿ ಅದಾವ್ರೀ ಅಕ್ಕಾರ,” ಅಂದ್ಲು.