ಬಿಡುವಿನ ಲೆಕ್ಕ

ವೈಟ್‌ಫೀಲ್ಡಿಗೆ ಹೊಸದಾಗಿ ಬಂದವರಿಗೆ ಹಳಬರು ತಪ್ಪದೆ ಹೇಳುವ ಕಥೆಯೊಂದಿದೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು, ಸಂಘದ ಡಿ. ಎಸ್. ವೈಟ್ ಅವರ ಹೆಸರಿನಲ್ಲಿ ಈ ಊರು ಎದ್ದಿತು. ಇಲ್ಲಿ ಹ್ಯಾಮಿಲ್ಟನ್ ಎಂಬುವರ ವೇವರ್ಲಿ ಇನ್ ಎಂಬ ವಸತಿಗೃಹವಿತ್ತು. ಬೆಂಗಳೂರು ದಂಡಿನಲ್ಲಿದ್ದ ತರುಣ ವಿನ್‌ಸ್ಟನ್ ಚರ್ಚಿಲ್, ಅವರ ಮಗಳು ರೋಸ್‌ಳನ್ನು ನೋಡಲು ಇಲ್ಲಿಗೆ ಬರುತ್ತಿದ್ದನಂತೆ. ಕೇಳಲು ಇಂಪಾದ ಕಥೆ. ಆದರೆ ಅವನ ಆತ್ಮಕಥೆಯಲ್ಲಿ ರೋಸ್‌ಳ ಹೆಸರಿಲ್ಲ. ಆ ದಿನಗಳಲ್ಲಿ ಅವನ ಮನಸ್ಸನ್ನು ಸೆಳೆದವಳು, 1896ರ ನವೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕಂಡ ಪಮೇಲಾ ಪ್ಲೌಡನ್.

ನನಗೆ ಈ ಪ್ರೇಮಕಥೆಗಿಂತ, ಆ ಹುಡುಗ ದಂಡಿನಲ್ಲಿ ದಿನ ಹೇಗೆ ಕಳೆಯುತ್ತಿದ್ದ ಎಂಬುದೇ ಹೆಚ್ಚಿನ ಕುತೂಹಲ. ಸಂಸಾರ ನಡೆಸುವವರಿಗೆ ಇನ್ನೊಬ್ಬರ ಮನೆಯ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಅದೇ ತಾನೆ? ಅಡಿಗೆ ಯಾರದು, ನೀರು ಯಾರು ತರುತ್ತಾರೆ, ಬಟ್ಟೆ ಯಾರು ಒಗೆಯುತ್ತಾರೆ?

ನಮಗೆ ಬೆಂಗಳೂರು ಊರು; ಅವನಿಗೆ ಅದು ಸಮುದ್ರದಾಚೆಯ ಠಾಣ್ಯ. 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಕುದುರೆ ಪಡೆಯೊಡನೆ ಬಂದಾಗ ಅವನಿಗೆ 21 ವರ್ಷ. ಬಾರ್ನ್ಸ್ ಮತ್ತು ಬೇರಿಂಗ್ ಎಂಬ ಇಬ್ಬರು ಗೆಳೆಯರೊಡನೆ ಸುಮಾರು ಎರಡು ಎಕರೆಯ ಕಾಂಪೌಂಡಿನ ಬಂಗಲೆ ಹಿಡಿದ. ಹಿಂದಿದ್ದವರು ಬಿಟ್ಟುಹೋದ 150 ಗುಲಾಬಿ ಗಿಡಗಳೂ ಬಂಗಲೆಯ ಜೊತೆ ಸಿಕ್ಕವು. ಬಂದ ತಿಂಗಳಲ್ಲೇ ತಾಯಿಗೆ ಬರೆದ ಪತ್ರದಲ್ಲಿ ಮನೆಯ ಆಳುಗಳ ಪಟ್ಟಿ ಕೊಟ್ಟಿದ್ದಾನೆ: ಒಬ್ಬೊಬ್ಬರಿಗೂ ಒಬ್ಬ ಬಟ್ಲರ್, ಉಡುಪು ತೊಡಿಸಲು ಇಬ್ಬರು ಹುಡುಗರು, ಒಂದೊಂದು ಕುದುರೆಗೂ ಒಬ್ಬ ಆಳು. ಮೂವರಿಗೂ ಸೇರಿ ಇಬ್ಬರು ಮಾಲಿಗಳು, ನೀರು ಹೊರುವ ಮೂವರು ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ನಾನು ಕೂಡಿಸಿ ನೋಡಿದೆ. ಮೂವರು ಬ್ರಹ್ಮಚಾರಿಗಳ ಸಂಸಾರಕ್ಕೆ, ಕುದುರೆಯಾಳುಗಳನ್ನು ಬಿಟ್ಟು, 19 ಜನ!

ಇನ್ನು ದಿನಚರಿ. ಬೆಳಕು ಹರಿಯುವ ಮೊದಲೇ ಒಬ್ಬ ಆಳು ಬಂದು, ಮಲಗಿದ್ದವನ ಗಲ್ಲ ಎತ್ತಿ ಕ್ಷೌರ ಮಾಡಿ ಎಬ್ಬಿಸುತ್ತಿದ್ದ. ಆರಕ್ಕೆ ಕವಾಯಿತು, ಒಂದೂವರೆ ಗಂಟೆ. ಆಮೇಲೆ ಸ್ನಾನ, ಮೆಸ್ಸಿನಲ್ಲಿ ತಿಂಡಿ. ಒಂಬತ್ತಕ್ಕೆ ಕುದುರೆ ಲಾಯ ಮತ್ತು ಕಚೇರಿ, ಹತ್ತೂವರೆಯವರೆಗೆ. ಹನ್ನೊಂದಾಗುವ ಎಷ್ಟೋ ಮುಂಚೆ ಬಿಳಿಯರೆಲ್ಲ ನೆರಳು ಸೇರುತ್ತಿದ್ದರು. ಒಂದೂವರೆಗೆ ಊಟ, ಐದರವರೆಗೆ ನಿದ್ದೆ. ಆಮೇಲೆ ಪೋಲೋ ಆಟ, ಎಂಟೂವರೆಗೆ ರಾತ್ರಿಯೂಟ. ಕೈಗೆ ಬರುವ ಸಂಬಳ ದಿನಕ್ಕೆ 14 ಶಿಲ್ಲಿಂಗ್, ಕುದುರೆಗಳಿಗೆ ಬೇರೆ ಭತ್ಯೆ, ಮನೆಯಿಂದ ವರ್ಷಕ್ಕೆ 500 ಪೌಂಡು. ಅದೂ ಸಾಲದೆ ಊರಿನ ಸಾಹುಕಾರರಲ್ಲಿ ಬಡ್ಡಿಗೆ ಸಾಲ.

ಆದರೂ ಆ ಹುಡುಗನನ್ನು ಮೆಚ್ಚಬೇಕಾದ ಸಂಗತಿಯೊಂದಿದೆ. ಕಾಲೇಜು ಮೆಟ್ಟಿಲು ಹತ್ತಿಲ್ಲವೆಂಬ ಕೊರಗು ಅವನಿಗಿತ್ತು. ಜೊತೆಯವರು ನಿದ್ದೆ ಮಾಡುವ ಮಧ್ಯಾಹ್ನಗಳಲ್ಲಿ ಅವನು ತಾಯಿ ಕಳಿಸಿದ ಪುಸ್ತಕ ಹಿಡಿದು ಕೂತ. ಗಿಬ್ಬನ್, ಮೆಕಾಲೆ, ಪ್ಲೇಟೋ, ಡಾರ್ವಿನ್ ಎಂದು ದಿನಕ್ಕೆ ನಾಲ್ಕೈದು ಗಂಟೆ ಓದಿದ. ಗಡಿಪ್ರಾಂತದ ಮಲಕಂಡ್ ಯುದ್ಧ ನೋಡಿ ಬಂದು, 1897ರ ಕೊನೆಯಲ್ಲಿ ತನ್ನ ಮೊದಲ ಪುಸ್ತಕ ಬರೆದದ್ದೂ ಬೆಂಗಳೂರಿನಲ್ಲೇ. 1899ರಲ್ಲಿ ಸೈನ್ಯ ಬಿಟ್ಟ. 1940ರಲ್ಲಿ ಪ್ರಧಾನಿಯಾದ, 1953ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಬಹುಮಾನವೂ ಬಂತು. ಆ ಬಹುಮಾನದ ಬೇರು ನಮ್ಮೂರಿನ ಮಧ್ಯಾಹ್ನಗಳಲ್ಲಿದೆ ಎಂದರೆ ತಪ್ಪಾಗಲಾರದು.

ಮಧ್ಯಾಹ್ನದ ಆ ಗಂಟೆಗಳು ನಮಗೂ ಗೊತ್ತು. ಪಾತ್ರೆ ತೊಳೆದಿಟ್ಟು, ಒಲೆಕಟ್ಟೆ ಒರೆಸಿ, ಪುಸ್ತಕ ತೆಗೆದು ಎರಡು ಪುಟ ತಿರುವುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಬಾಗಿಲು ತಟ್ಟುವ ಸದ್ದಾಗುತ್ತದೆ, ಮಕ್ಕಳು ಶಾಲೆಯಿಂದ ಬರುತ್ತಾರೆ. ನಮ್ಮಲ್ಲಿ ಓದುವ ಆಸೆ ಇರುವವರಿಗೇನೂ ಬರವಿಲ್ಲ. ಆದರೆ ಓದುವ ಗಂಟೆ ಆಕಾಶದಿಂದ ಉದುರುವುದಿಲ್ಲ. ಒಬ್ಬರ ಕೈ ಬಿಡುವಾಗಬೇಕಾದರೆ ಇನ್ನೊಬ್ಬರ ಕೈ ತುಂಬಿರಬೇಕು. ಬಿಳಿಯರು ನೆರಳು ಸೇರಿದ ಆ ಹೊತ್ತಿನಲ್ಲೂ ಅವರ ಬಟ್ಟೆ ಒಗೆಯಬೇಕಿತ್ತು, ನೀರು ಹೊರಬೇಕಿತ್ತು, ಕುದುರೆಗೆ ಮೇವು ಹಾಕಬೇಕಿತ್ತು.

ಚರ್ಚಿಲ್ ಇದನ್ನು ಮುಚ್ಚಿಡಲಿಲ್ಲ. ಆಳುಗಳು ಅಲ್ಪ ಸಂಬಳಕ್ಕೆ, ಒಂದೆರಡು ಒಳ್ಳೆಯ ಮಾತಿಗೆ ಹಗಲಿರುಳು ದುಡಿಯುತ್ತಿದ್ದರೆಂದು ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಆದರೆ ತಾಯಿಗೆ ಕಳಿಸಿದ ಆ ಪಟ್ಟಿಯಲ್ಲಿ ಕೆಲಸಗಳ ಹೆಸರಿದೆ, ಮನುಷ್ಯರ ಹೆಸರಿಲ್ಲ. ಅವರ ಹೆಂಡಿರು ಮಕ್ಕಳ ಮಾತಂತೂ ದೂರವೇ ಉಳಿಯಿತು.

ಅವನು ಬೆಂಗಳೂರಿನ ಕ್ಲಬ್ಬಿಗೆ ಕೊಡದೆ ಹೋದ 13 ರೂಪಾಯಿಯ ಬಾಕಿ 1899ರ ಲೆಕ್ಕದ ಪುಸ್ತಕದಲ್ಲಿದೆ. ಊರಿನವರು ಅದನ್ನು ನಗುತ್ತ ನೆನೆಯುತ್ತಾರೆ. ಸಾಕ್ಷಿಯಿಲ್ಲದ ರೋಸ್‌ಳನ್ನೂ ನೆನೆಯುತ್ತಾರೆ. ಅವನ ಕೈಬರಹದಲ್ಲೇ ಸಾಕ್ಷಿಯಿರುವ ಆ ಭಿಸ್ತಿಗಳನ್ನೂ ಅಗಸರನ್ನೂ ಯಾರೂ ನೆನೆಯುವುದಿಲ್ಲ. ಚರಿತ್ರೆ ಓದುವಾಗ ದೊಡ್ಡವರು ಏನು ಮಾಡಿದರು ಎಂದು ಕೇಳುವ ಜೊತೆಗೆ, ಅವರ ಮನೆಗೆ ನೀರು ಹೊತ್ತವರು ಯಾರು ಎಂದೂ ಕೇಳುವುದು ಒಳ್ಳೆಯದು. ಹಾಗೆ ಕೇಳುವ ಅಭ್ಯಾಸ ನಮ್ಮ ನಮ್ಮ ಮನೆಗಳಿಂದಲೇ ಶುರುವಾದರೆ ಇನ್ನೂ ಒಳ್ಳೆಯದು.